ತಟ್ಟಿ ನೋಡಿದ್ದು

ಮೂರು ವಾರದಿಂದ ಇದೇ ಧ್ಯಾನ.
ಊಟದ ತಟ್ಟೆಯಲ್ಲೂ ಗಾಲಿ, ಚಹಾ ಲೋಟದ ಬಾಯಲ್ಲೂ ಗಾಲಿ.
ನಿನ್ನೆ ಪಾದ್ರಿಯ ಮನೆಯ ಪಿಯಾನೋ ಶ್ರುತಿ ಮಾಡುವಾಗ
ಕೈ ತಂತಿಯ ಮೇಲೆ, ತಲೆಯೊಳಗೆ ಮಾತ್ರ
ಹತ್ತೊಂಬತ್ತೋ, ಹದಿನೆಂಟೋ, ಹದಿನೇಳೋ.

ನನ್ನದು ಮುನ್ನೂರು ಕುದುರೆಯ ಕಾರು.
ಸಾಲ ತೀರಲು ಇನ್ನೂ ಎರಡು ಚಳಿಗಾಲ ಕಳೆಯಬೇಕು.
ಪಿಯಾನೋ ರಿಪೇರಿಯವಳಿಗೆ ಇದೆಲ್ಲ ಯಾಕೆ ಅನ್ನುತ್ತಾಳೆ ಅಕ್ಕ ಗೆನೊವೆಫಾ.
ಯಾಕೆಂದರೆ, ಅಕ್ಕಾ,
ದಿನವಿಡೀ ಬೇರೆಯವರ ಮನೆಯಲ್ಲಿ ಉಸಿರು ಬಿಗಿಹಿಡಿದು
ಕೂದಲೆಳೆಯಷ್ಟೇ ಗೂಟ ತಿರುಗಿಸಿದವಳಿಗೆ
ಊರಾಚೆ ಒಂದು ಸಲ
ಕಾಲು ಪೂರ್ತಿ ಒತ್ತುವುದು ಬೇಕಾಗುತ್ತದೆ.

ಆದರೆ ನಮ್ಮೂರು ವುಚ್.
ವುಚ್ ಅಂದರೆ ದೋಣಿ. ಹೇಳಿಕೊಳ್ಳುವಂಥ ಹೊಳೆಯಿಲ್ಲ,
ಅಲೆಗಳೆಲ್ಲ ರಸ್ತೆಯಲ್ಲೇ.
ಟ್ರಾಮಿನ ಹಳಿ, ಹಳಿಯ ಪಕ್ಕ ಗುಂಡುಗಲ್ಲು,
ಕಲ್ಲು ಎದ್ದಲ್ಲಿ ಗುಂಡಿ, ಗುಂಡಿ ಮುಚ್ಚಿದಲ್ಲಿ ಡುಬ್ಬ.
ಹಳೇ ಬಟ್ಟೆ ಗಿರಣಿಗಳ ಇಟ್ಟಿಗೆಗೋಡೆ ನೋಡುತ್ತ ಓಡಿಸಿದರೆ
ಎಷ್ಟು ಗುಂಡಿ ಎಂದು ಬೆನ್ನುಮೂಳೆ ಎಣಿಸಿ ಹೇಳುತ್ತದೆ.

ಅಂಗಡಿಯ ಹುಡುಗ ಹತ್ತೊಂಬತ್ತು ಇಂಚಿನದನ್ನು
ತಿರುಗುವ ಪೀಠದ ಮೇಲೆ ಮದುಮಗಳ ಹಾಗೆ ಕೂರಿಸಿದ್ದ.
ಕಂಚಿನ ಬಣ್ಣ. ಹತ್ತು ಸಪೂರ ಕಡ್ಡಿ.
ಸುತ್ತ ಟೈರು, ಸೀರೆಯಂಚಿನಷ್ಟೇ ತೆಳು.
“ಕಾರು ನಿಂತಲ್ಲೇ ಓಡುವ ಹಾಗೆ ಕಾಣುತ್ತೆ ಮೇಡಂ.”
ನಿಂತಲ್ಲೇ ಓಡುವುದಾದರೆ ಪೆಟ್ರೋಲು ಯಾಕೆ ಹಾಕಿಸಲಿ?
ಅಂದೆನೇನೋ ನಿಜ. ಬಾಗಿಲ ತನಕ ಹೋಗಿ
ಎರಡು ಸಲ ತಿರುಗಿ ನೋಡಿದೆ.

ಸೊಟ್ಟ ಗಾಲಿ ನೆಟ್ಟಗೆ ಮಾಡುವ ವೆಂಚಿಸ್ವಾಫ್‌ನ ಶೆಡ್ಡು
ರೈಲು ಸೇತುವೆಯ ಕೆಳಗೆ.
ಒಳಗೆ ಆಳೆತ್ತರದ ರಾಶಿ,
ಕರಿದ ಹಪ್ಪಳದ ಅಂಚಿನ ಹಾಗೆ ಸುರುಟಿದವು,
ಬೆಳ್ಳಿಯವು, ಕರಿಯವು, ಕಂಚಿನವೂ.
“ಹಿಮ ಕರಗಿದ ಮೇಲಿನ ಫಸಲು” ಅಂದ.
ಒಂದನ್ನೆತ್ತಿ ಕೊಕ್ಕೆಗೆ ತೂಗುಹಾಕಿ
ಮರದ ಸುತ್ತಿಗೆಯಿಂದ ತಟ್ಟಿದ.
ಠಪ್.
ಎಲ್ಲೋ ಬಿರುಕಿದೆ, ಕಣ್ಣಿಗೆ ಬೀಳದ್ದು.
ನನಗೆ ಹೇಳಬೇಕೇ!
ಹಲಗೆ ಸೀಳಿದ ಪಿಯಾನೋ ಹೀಗೇ ಕೆಮ್ಮುತ್ತದೆ.
ಎರಡು ಕಾಸಿನ ಗಡಿಗೆಯನ್ನೂ ತಟ್ಟಿ ನೋಡಿ ಕೊಳ್ಳುತ್ತಾರೆ ಜನ.
ಕಿವಿಯಿಂದಲೇ ಅನ್ನ ತಿನ್ನುವ ನಾನು
ಮೂರು ವಾರ ಬರೀ ಚಿತ್ರ ನೋಡಿದ್ದೆ.

ಆಮೇಲೆ ಮೂಲೆಯಿಂದ ನಾಲ್ಕನ್ನು ಉರುಳಿಸಿಕೊಂಡು ಬಂದ.
ಹದಿನೇಳು ಇಂಚು. ಬೂದಿಯ ಬಣ್ಣ.
ಅಚ್ಚಿಗೆ ಸುರಿದು ಎರೆದದ್ದಲ್ಲ, ಒತ್ತಿ ಬಡಿದು ಮಾಡಿದ್ದು.
ಒಂದರ ಅಂಚಿನಲ್ಲಿ ಫುಟ್‌ಪಾತು ಕಚ್ಚಿದ ಗುರುತು.
ಒಂದೇ ಕೈಯಲ್ಲಿ ಎತ್ತಿದೆ, ಬಂತು.
ಎಂಟು ಕಿಲೋ ಚಿಲ್ಲರೆ. ಅಂಗಡಿಯ ಮದುಮಗಳು ಹನ್ನೆರಡೂವರೆ.
ಸುತ್ತಿಗೆ ಕೇಳಿ ಇಸಕೊಂಡು ನಾನೇ ತಟ್ಟಿದೆ.
ಸೇತುವೆಯ ಮೇಲೆ ಗೂಡ್ಸು ರೈಲು ಹೋಗುತ್ತಿತ್ತು.
ಅದು ದಾಟಿದ ಮೇಲೂ ಇದು ನುಡಿಯುತ್ತಲೇ ಇತ್ತು,
ಎಫ್ ಶಾರ್ಪಿಗಿಂತ ಒಂದೆಳೆ ಕೆಳಗೆ.
ಎರಡನೆಯದೂ ಅಲ್ಲೇ, ಮೂರನೆಯದೂ.
ಕಚ್ಚಿಸಿಕೊಂಡದ್ದು ಮಾತ್ರ ತುಸು ತಗ್ಗು.
ಇರಲಿ. ನಮ್ಮ ಮನೆಯಲ್ಲಿ ನಾನೂ ಹಾಗೇ.

ತೂತು ಐದೂ ಹೊಂದಿದವು.
ಒಳಗೆ ಉಜ್ಜಲಿಲ್ಲ, ಹೊರಗೆ ಚಾಚಲಿಲ್ಲ.
ಬ್ರೇಕಿಗೂ ಕಡ್ಡಿಗೂ ನಡುವೆ
ವೆಂಚಿಸ್ವಾಫ್‌ನ ಕಿರುಬೆರಳು ಮಲಗುವಷ್ಟು ಜಾಗ.
ದಪ್ಪ ಟೈರು ಹಾಕಿದ. ಹಣ ಎಣಿಸಲಿಲ್ಲ, ಜೇಬಿಗಿಳಿಸಿದ.
“ನೂರು ಕಿಲೋಮೀಟರಿಗೆ ನಿಲ್ಲಿಸಿ ಮತ್ತೊಮ್ಮೆ ಬೋಲ್ಟು ಬಿಗಿ ಮಾಡು.
ಹೊಸದು, ಕೂತುಕೊಳ್ಳಬೇಕು.”

ಈ ಮಾತು ನನ್ನದು.
ಹೊಸ ತಂತಿ ಕಟ್ಟಿದ ಮನೆಗಳಲ್ಲಿ ಹೊಸಿಲ ಬಳಿ ನಿಂತು
ಹದಿನಾಲ್ಕು ವರ್ಷದಿಂದ ನಾನು ಹೇಳಿದ ಮಾತು:
ಮತ್ತೆ ಬರುತ್ತೇನೆ, ಜಗ್ಗುತ್ತೆ, ಗಾಬರಿಯಾಗಬೇಡಿ.

ಗುರುವಾರ ಸಂಜೆ, ತೊಂಬತ್ತೆಂಟನೆಯ ಕಿಲೋಮೀಟರು,
ಝ್ಗೆಷ್ ದಾಟಿ ಬೀಟ್‌ರೂಟ್ ಹೊಲದ ಪಕ್ಕ ನಿಲ್ಲಿಸಿದೆ.
ಸಣ್ಣಗೆ ಹಿಮ. ಮೊಣಕಾಲೂರಿದೆ.
ಮೊದಲನೆಯ ಗಾಲಿ: ಕ್ಲಿಕ್, ಕ್ಲಿಕ್, ಕ್ಲಿಕ್, ಕ್ಲಿಕ್,
ಐದನೆಯ ಬೋಲ್ಟು ಕಾಲು ಸುತ್ತು ಒಳಗೆ ಹೋಯಿತು.
ದಾರಿಹೋಕ ಟ್ರ್ಯಾಕ್ಟರಿನವನು ನಿಧಾನಿಸಿ ಕೂಗಿದ,
“ಏನಮ್ಮಾ, ಪಂಕ್ಚರಾ?”
ಇಲ್ಲ ಅಂದೆ, ಇನ್ನೂ ಮೂರು ಬಾಕಿ ಇದ್ದವು.